ಸೋಫಾ ಅಕ್ಕ ಮತ್ತು ಸೇತುವೆ ಸಿನಿಮಾ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಿಕೊಡುವ ಅಂಗಡಿ ಅವಳದು. ಹಾಲಿನವನಿಗೂ ಅವಳು ಸೋಫಾ ಅಕ್ಕ, ಎದುರು ಮನೆಯ ಹಲ್ಲಿಲ್ಲದ ಅಜ್ಜನಿಗೂ ಸೋಫಾ ಅಕ್ಕ. "ಅಲ್ಲ ಅಜ್ಜ, ನಾನು ಹುಟ್ಟೋ ಹೊತ್ತಿಗೆ ನಿಮಗೆ ತಲೆ ನರೆತಿತ್ತು. ನಾನು ಹ್ಯಾಗೆ ನಿಮಗೆ ಅಕ್ಕ ಆಗ್ತೀನಿ?" ಎಂದು ಒಮ್ಮೆ ಕೇಳಿದ್ದಳು. "ನಿನ್ನ ಗಂಟಲು ಕೇಳಿದ್ರೆ ಯಾರಿಗಾದ್ರೂ ಅಕ್ಕ ಅನ್ನಿಸುತ್ತೆ ಬಿಡು," ಎಂದಿದ್ದರು ಅಜ್ಜ.

ಗಂಟಲು ದೊಡ್ಡದಾಗಿದ್ದು ಅವಳ ತಪ್ಪಲ್ಲ. ಒಂದು ಕಡೆ ಹೊಲಿಗೆ ಯಂತ್ರದ ಗಡಗಡ, ಇನ್ನೊಂದು ಕಡೆ ಸುತ್ತಿಗೆಯ ಏಟು, ಇವೆರಡರ ನಡುವೆ ನಿಂತು ಗಿರಾಕಿಯ ಜೊತೆ ಮಾತಾಡಬೇಕು. ಅದೂ ಸಾಲದೆಂಬಂತೆ ಯಂತ್ರದ ಮುಂದೆ ಕೂತ ತಮ್ಮ, ಸುತ್ತಿಗೆ ಹಿಡಿದ ಗಂಡ, ಇಬ್ಬರ ಬಾಯಿಗೂ ಬೀಗವೆಂಬುದೇ ಇರಲಿಲ್ಲ.

ಅಂಗಡಿ ಅಪ್ಪನ ಕಾಲದ್ದು. ಶಾಲೆ ಮುಗಿಸಿದ ವರ್ಷವೇ ಅವಳು ಅಪ್ಪನ ಪಕ್ಕ ನೆಲದ ಮೇಲೆ ಕೂತು ಹಳೆಯ ಮೊಳೆ ಕೀಳುವುದರಿಂದ ಶುರುಮಾಡಿ, ಸ್ಪ್ರಿಂಗು ಕಟ್ಟುವುದು, ಪಟ್ಟಿ ಬಿಗಿಯುವುದು, ಫೋಮು ಕತ್ತರಿಸುವುದು, ಎಲ್ಲ ಕಲಿತಿದ್ದಳು. ಅಪ್ಪ ತೀರಿಕೊಂಡಾಗ ದೊಡ್ಡಪ್ಪ, ಸೋದರಮಾವ ಎಲ್ಲರೂ ಬಂದು ಅಂಗಡಿಯ ಬಾಗಿಲಲ್ಲೇ ನಿಂತು, "ಹೆಣ್ಣುಮಗಳು ಸುತ್ತಿಗೆ ಹಿಡ್ಕೊಂಡು ಎಷ್ಟು ದಿನ ಅಂತ ಕೂತಾಳು? ಮಾರಿಬಿಡಿ," ಎಂದು ಅವಳ ತಾಯಿಗೆ ಬುದ್ಧಿ ಹೇಳಿದರು. ಅವಳು ಒಂದು ಮಾತೂ ಆಡಲಿಲ್ಲ. ದೊಡ್ಡವರೆಂಬ ಮರ್ಯಾದೆಗಲ್ಲ, ಬಾಯಿ ತುಂಬ ಮೊಳೆಗಳಿದ್ದವು. ಅವರ ಉಪದೇಶ ಮುಗಿಯುವಷ್ಟರಲ್ಲಿ ಕುರ್ಚಿಯ ಒಂದು ಮಗ್ಗುಲು ಮುಗಿದಿತ್ತು. ಅಂಗಡಿ ಉಳಿಯಿತು.

ಆಮೇಲೆ ಒಂದು ಸೋಫಾದ ಮುರಿದ ಕಾಲು ಕೂರಿಸಿ ಹೋಗಲೆಂದು ಕರೆಸಿದ ಬಡಗಿ, ಕಾಲನ್ನೂ ಕೂರಿಸಿದ, ತಾನೂ ಅಲ್ಲೇ ಕೂತ. ಮುಂದಿನ ವರ್ಷ ಅವಳ ಗಂಡನಾದ. ತಮ್ಮ ನಾಲ್ಕು ಕೆಲಸ ಹಿಡಿದು ಐದು ಕೆಲಸ ಬಿಟ್ಟು, ಕೊನೆಗೆ ಅಕ್ಕನ ಹೊಲಿಗೆ ಯಂತ್ರದ ಮುಂದೆ ಬಂದು ತಣ್ಣಗಾದ. ಮರದ ಕೆಲಸ ಗಂಡನದು, ಬಟ್ಟೆ ಕತ್ತರಿಸಿ ಹೊಲಿಯುವುದು ತಮ್ಮನದು, ಅವೆರಡನ್ನೂ ಕೂಡಿಸಿ ಸೋಫಾ ಎಂದು ಕರೆಯುವ ಹಾಗೆ ಮಾಡುವುದು ಅವಳದು. ಕೈಕೆಲಸದಲ್ಲಿ ಇಬ್ಬರೂ ಚಿನ್ನ. ಅಂಥ ಚಿನ್ನವನ್ನು ಸುಮ್ಮನೆ ಒಂದು ಕಡೆ ಕೂರಿಸುವ ವಿದ್ಯೆ ಮಾತ್ರ ಅವಳಿಗೆ ಅಪ್ಪ ಕಲಿಸಿರಲಿಲ್ಲ.

ಇಬ್ಬರಿಗೂ ಸಿನಿಮಾ ಹುಚ್ಚು. ಪ್ರತಿ ಶುಕ್ರವಾರ ಅಂಗಡಿ ಮುಚ್ಚುತ್ತಿದ್ದ ಹಾಗೆ ಒಂದೇ ಬೈಕಿನಲ್ಲಿ ಅಣ್ಣತಮ್ಮಂದಿರ ಹಾಗೆ ಹೋಗುವರು, ಅಕ್ಕಪಕ್ಕ ಕೂರುವರು, ಒಂದೇ ಪೊಟ್ಟಣದಿಂದ ಜೋಳದ ಅರಳು ತಿನ್ನುವರು. ಬರುವಾಗ ಅದೇ ಬೈಕಿನ ಮೇಲೆ ಹಾವು ಮುಂಗುಸಿಯ ಹಾಗೆ ಬರುವರು. ಶನಿವಾರ ಬೆಳಗ್ಗೆಯಿಂದ ವಾದ. ಆ ಹಾಡು ಬೇಕಿತ್ತೆ, ಆ ಸಾವು ನ್ಯಾಯವೆ, ಆ ಮುದುಕ ಅಳಬಹುದಿತ್ತೆ. ಸೋಫಾ ಅಕ್ಕ ಸಿನಿಮಾ ಮಂದಿರಕ್ಕೆ ಕಾಲಿಟ್ಟು ವರ್ಷಗಳಾಗಿದ್ದವು. ಆದರೂ ಬಂದ ಸಿನಿಮಾಗಳ ಕತೆಯೆಲ್ಲ ಅವಳಿಗೆ ಎರಡೆರಡು ಸಲ ಗೊತ್ತಿತ್ತು, ಹೊಗಳಿಸಿಕೊಂಡು ಒಮ್ಮೆ, ಬೈಸಿಕೊಂಡು ಒಮ್ಮೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಇವರಿಬ್ಬರ ನಡುವೆ ಒಂದು ಶನಿವಾರ ಕೂತಿದ್ದರೆ ಗಾದೆಯನ್ನು ವಾಪಸು ತೆಗೆದುಕೊಳ್ಳುತ್ತಿದ್ದರು.

ವರ್ಷದ ಕೊನೆಯ ಭಾನುವಾರ ದೊಡ್ಡ ತೀರ್ಪು. ಅಂಗಡಿಯ ಮೇಲೇ ಮನೆ. ಊಟಕ್ಕೆ ಕೂತಾಗ, ಈ ವರ್ಷ ನೋಡಿದ್ದರಲ್ಲಿ ಅತ್ಯುತ್ತಮ ಯಾವುದು, ಅತಿ ಕೆಟ್ಟದ್ದು ಯಾವುದು ಎಂದು ಇಬ್ಬರೂ ಸೇರಿ ಒಪ್ಪಬೇಕು. ಅವರಿಬ್ಬರೂ ಒಪ್ಪಿದರೆ ಜಗತ್ತು ಒಪ್ಪಿದ ಹಾಗೆ. ಹಿಂದಿನ ವರ್ಷ ಒಂದು ದೆವ್ವದ ಸಿನಿಮಾವನ್ನು ಇಬ್ಬರೂ ಒಂದೇ ಉಸಿರಿಗೆ ಕೆಟ್ಟದ್ದೆಂದು, ಆ ಸಂತೋಷಕ್ಕೆ ಎಂಜಲು ಕೈಯಲ್ಲೇ ಕೈ ಕುಲುಕಿದ್ದರು.

ಈ ವರ್ಷ ಗಂಡ ಊಟದ ಮಧ್ಯೆ ಗಂಟಲು ಸರಿಮಾಡಿಕೊಂಡು, "ಅತ್ಯುತ್ತಮ ಅಂದ್ರೆ ಸೇತುವೆ ಸಿನಿಮಾನೇ. ಎರಡು ಮಾತಿಲ್ಲ," ಎಂದ.

ತಮ್ಮ ನೀರಿನ ಲೋಟ ಕೆಳಗಿಟ್ಟ. "ಭಾವ, ತಮಾಷೆ ಮಾಡ್ತಿದೀರಾ? ಈ ವರ್ಷದ ಅತಿ ಕೆಟ್ಟ ಸಿನಿಮಾ ಅಂತ ನಾನು ಬಾಯಿ ತೆಗೆಯೋದ್ರಲ್ಲಿದ್ದೆ, ಅದೇ ಸಿನಿಮಾ!"

ಆ ಸಿನಿಮಾದ ಕತೆ ಇಷ್ಟೆ. ಒಬ್ಬ ಇಂಜಿನಿಯರು ದೊಡ್ಡ ಹೊಳೆಗೆ ಸೇತುವೆ ಕಟ್ಟಿಸುತ್ತಾನೆ. ಮಳೆ ಬರುತ್ತದೆ, ಪ್ರವಾಹ ಬರುತ್ತದೆ, ಕೂಲಿಯವರು ಬಿಟ್ಟು ಹೋಗುತ್ತಾರೆ, ಮತ್ತೆ ಬರುತ್ತಾರೆ. ಕೊನೆಗೆ ಕೊನೆಯ ಕಲ್ಲು ಕೂರುತ್ತದೆ. ಇಂಜಿನಿಯರು ಹೊಳೆಗೆ ಇಳಿದು ಕೈ ತೊಳೆದುಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಿತು.

"ಅಷ್ಟು ಹೊತ್ತು ಕಲ್ಲು ಹೊತ್ರಲ್ಲ ಭಾವ, ಕೊನೆಗೆ ಒಬ್ಬನಾದ್ರೂ ಆ ಸೇತುವೆ ದಾಟಿದ್ನಾ? ಮನುಷ್ಯ ಬೇಡ, ಒಂದು ನಾಯಿ? ಒಂದು ನಾಯಿನಾದ್ರೂ ಆ ಕಡೆ ಹೋಯ್ತಾ?"

"ಕಟ್ಟಿದ್ದು ಮುಖ್ಯ ಕಣೋ. ದಾಟೋರು ಹ್ಯಾಗೂ ದಾಟ್ತಾರೆ. ನಾನು ಸೋಫಾ ಮಾಡಿ ಕಳಿಸ್ತೀನಿ. ಯಾರ್ ಕೂತ್ರು, ಹ್ಯಾಗೆ ಕೂತ್ರು ಅಂತ ಅವರ ಮನೆಗೆ ಹೋಗಿ ಇಣುಕ್ತೀನಾ?"

"ಇಣುಕಲ್ಲ, ಅದಕ್ಕೇ ಪೋಸ್ಟ್‌ಮಾಸ್ಟರ್ ಮನೆ ಸೋಫಾ ವಾಪಸ್ ಬಂದಿದ್ದು."

ವಾದ ಸಿನಿಮಾದಿಂದ ಕಾಲು ಜಾರಿ ಅಂಗಡಿಗೆ ಬಿದ್ದದ್ದು ಆ ಗಳಿಗೆಯಲ್ಲಿ. ಸೋಫಾ ಅಕ್ಕನಿಗೆ ಅದು ಗೊತ್ತಾಯಿತು. "ಸಾಕು, ಇಬ್ರೂ ಊಟ ಮಾಡಿ," ಎಂದಳು. ಯಾರು ಕೇಳಬೇಕು?

"ಅದು ವಾಪಸ್ ಬಂದಿದ್ದು ಹೊಲಿಗೆ ಬಿಚ್ಚಿ. ಮರ ಮುರಿದಲ್ಲ," ಎಂದ ಗಂಡ. ಅವನ ದನಿ ಏರಲಿಲ್ಲ, ಇಳಿಯಿತು. ಅವನು ಸಿಟ್ಟಾದರೆ ಹಾಗೆಯೇ. "ಒಂದು ಸಿನಿಮಾ ಕೊನೇ ತನಕ ನೋಡೋಕೂ ತಾಳ್ಮೆ ಬೇಕಪ್ಪ. ಐದು ಕೆಲಸ ಬಿಟ್ಟು ಓಡಿ ಬಂದೋನಿಗೆ ಕಟ್ಟೋರ ಕಷ್ಟ ಏನ್ ಗೊತ್ತಾಗ್ಬೇಕು?"

ತಮ್ಮ ತಟ್ಟೆ ಸರಿಸಿ ಎದ್ದ. ಕೈ ತೊಳೆದು, ಅಮ್ಮನಿಗೆ ಮಾತ್ರ ಹೋಗಿಬರುತ್ತೇನೆಂದು ಹೇಳಿ, ಮೆಟ್ಟಿಲಿಳಿದು ತನ್ನ ಬಾಡಿಗೆ ಕೋಣೆಗೆ ಹೋದ. ಅಂದಿನಿಂದ ಭಾವ ಬಾಮೈದರ ನಡುವೆ ಮಾತು ನಿಂತಿತು.

ಬೇರೆ ಬೇರೆ ಮನೆಯಲ್ಲಿರುವವರು ಮಾತು ಬಿಟ್ಟರೆ ಒಂದು ಅಂದ. ಹತ್ತು ಹೆಜ್ಜೆ ಅಗಲದ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುವವರು ಮಾತು ಬಿಟ್ಟರೆ ನಡುವೆ ಇರುವವಳ ಗತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಗತಿ.

"ನಿನ್ನ ತಮ್ಮನಿಗೆ ಹೇಳು, ಕತ್ತರಿ ಕೊಡು ಅಂತ," ಎನ್ನುವನು ಗಂಡ. ತಮ್ಮ ಕೈಗೆಟಕುವ ದೂರದಲ್ಲಿ ಕೂತಿರುವನು.

"ಅಕ್ಕ, ಭಾವಂಗೆ ಹೇಳು, ಕತ್ತರಿ ಅವರ ಮೊಣಕಾಲ ಕೆಳಗೇ ಇದೆ."

"ಕೇಳಿಸ್ತಲ್ರೀ?"

"ಕೇಳಿಸ್ತು. ಆದ್ರೆ ನನಗೆ ಹೇಳಿದ್ದಲ್ವಲ್ಲ."

ಅವಳು ಸುತ್ತಿಗೆ ಬಿಟ್ಟು, ಎದ್ದು ಬಂದು, ಗಂಡನ ಮೊಣಕಾಲ ಕೆಳಗಿನ ಕತ್ತರಿಯನ್ನು ತೆಗೆದು ಗಂಡನ ಕೈಗೇ ಕೊಡುವಳು. ದಿನಕ್ಕೆ ಇಂಥವು ಎಷ್ಟೋ. ಚಹಾ ಹೊತ್ತಿನಲ್ಲಿ ಒಬ್ಬ ಬೀದಿಯ ಕಡೆ ಮುಖ ಮಾಡಿ ಕುಡಿದರೆ ಇನ್ನೊಬ್ಬ ಗೋಡೆಯ ಕಡೆ. ಒಬ್ಬ ರೇಡಿಯೋ ಹಾಕಿದರೆ ಇನ್ನೊಬ್ಬ ಬೇಕೆಂದೇ ಯಂತ್ರ ಓಡಿಸುವನು. ಇಬ್ಬರನ್ನೂ ಬೈದು ನೋಡಿದಳು, ಇಬ್ಬರಿಗೂ ಕೈಮುಗಿದು ನೋಡಿದಳು. ಬೈದರೆ ಇಬ್ಬರೂ ತಲೆ ತಗ್ಗಿಸುವರು, ಕೈಮುಗಿದರೆ ಇಬ್ಬರೂ "ನಾನೇನ್ ಮಾಡಿದೆ? ಅವರನ್ನ ಕೇಳು," ಎನ್ನುವರು.

ಅಮ್ಮನ ಹತ್ತಿರ ಹೇಳಿಕೊಂಡಳು. ಅಮ್ಮ ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತಿದ್ದರು. "ನಿಮ್ಮಪ್ಪನೂ ಚಿಕ್ಕಪ್ಪನೂ ಹೀಗೇ ಒಂದು ಏಣಿ ವಿಷಯಕ್ಕೆ ಮಾತು ಬಿಟ್ಟಿದ್ರು," ಎಂದರು.

"ಆಮೇಲೆ ಹ್ಯಾಗೆ ಸರಿಹೋಯ್ತು?"

"ಎಲ್ಲಿ ಸರಿಹೋಯ್ತು? ಏಣಿ ಕಳೆದುಹೋಯ್ತು, ಅಷ್ಟೆ."

ಹೀಗಿರುವಾಗ ಬೀದಿಯ ಕೊನೆಯ ಹಲ್ಲಿನ ಡಾಕ್ಟರಮ್ಮನ ಸೋಫಾ ಬಂತು. ರೋಗಿಗಳು ಕಾಯುತ್ತಾ ಕೂರುವ ಉದ್ದ ಸೋಫಾ. ನಡುಭಾಗ ಕುಸಿದು, ಎರಡು ಬದಿ ಕೂತವರು ಮಧ್ಯಕ್ಕೆ ಜಾರಿ, ಗುರುತಿಲ್ಲದವರ ಹೆಗಲಿಗೆ ಹೆಗಲು ತಾಗುತ್ತಿತ್ತಂತೆ. ಬಿಚ್ಚಿ ನೋಡಿದರೆ ಒಳಗಿನ ಮರಕ್ಕೆ ಹುಳ ಹಿಡಿದಿತ್ತು. ಡಾಕ್ಟರಮ್ಮ ಕಡುಹಸಿರು ರೆಕ್ಸಿನ್ ಆರಿಸಿದರು. ಸೋಫಾ ಅಕ್ಕ ಮಾರುಕಟ್ಟೆಯಲ್ಲಿ ಅಲೆದು ಆ ಬಣ್ಣದ ಕೊನೆಯ ತುಂಡನ್ನು ತಂದಳು. ಮಾರನೆಯ ದಿನ ಫೋಮು ತರಲು ಮತ್ತೆ ಹೋದಳು. ಕೆಲಸ ನಡೆಯುವಾಗ ಅವಳು ಅಂಗಡಿಯಲ್ಲಿ ಇರದಿದ್ದದ್ದು ಆ ಒಂದು ಬೆಳಗ್ಗೆ.

ಬಂದು ನೋಡುತ್ತಾಳೆ, ಹೊದಿಕೆ ಹೊಲಿದು ಮುಗಿದಿದೆ. ಚೌಕಟ್ಟೂ ನಿಂತಿದೆ. ಹೊದಿಕೆ ಎಳೆದರೆ ಒಂದು ತುದಿ ಮುಚ್ಚುತ್ತದೆ, ಇನ್ನೊಂದು ತುದಿ ಬೋಳು. ಆ ಬದಿ ಎಳೆದರೆ ಈ ಬದಿ ಬೋಳು. ಒಂದು ಗೇಣು ಸಾಲದು.

"ಇದೇನಿದು?" ಎಂದಳು.

"ಸೋಫಾದ ಕೈಗಳ ಮರ ಪೂರ್ತಿ ಹೋಗಿತ್ತು. ಹೊಸದು ದಪ್ಪ ಹಾಕ್ದೆ. ಉದ್ದ ಒಂದು ಗೇಣು ಹೆಚ್ಚಾಯ್ತು," ಎಂದ ಗಂಡ.

"ಅದನ್ನ ಇವನಿಗೆ ಹೇಳಿದ್ರಾ?"

"ಹೇಳ್ದೆ."

"ಯಾರಿಗೆ ಹೇಳಿದ್ರಿ?"

ಗಂಡ ಕೈಗೆ ಅಂಟಿದ್ದ ಮರದ ಪುಡಿ ಕೊಡವಿದ. "ಗೋಡೆ ಕಡೆ ಮುಖ ಮಾಡಿ ಹೇಳ್ದೆ. ಗಟ್ಟಿಯಾಗೇ ಹೇಳ್ದೆ."

ಅವಳು ತಮ್ಮನ ಕಡೆ ತಿರುಗಿದಳು. ತಮ್ಮ ದಾರದುಂಡೆಯನ್ನು ತಿರುಗಿಸುತ್ತಾ, "ಏನೋ ಗೊಣಗ್ತಿದ್ದಾರೆ ಅಂದ್ಕೊಂಡೆ. ಗೋಡೆಗೆ ಹೇಳಿದ ಮಾತಿಗೆ ನಾನ್ಯಾಕೆ ಓಗೊಡ್ಲಿ ಅಕ್ಕ?" ಎಂದ.

ಹೊಳೆಗೆ ಹಾಕಿದರೂ ಅಳೆದು ಹಾಕು ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಅಂಗಡಿ ಅದು. ಅಳತೆ ಇತ್ತು, ಅಳೆದವನಿದ್ದ, ಕತ್ತರಿಸುವವನಿದ್ದ, ನಡುವೆ ಒಂದು ಮಾತು ಇರಲಿಲ್ಲ. ಸೋಫಾ ಅಕ್ಕನಿಗೆ ಕೂಗಲೂ ಮನಸ್ಸಾಗಲಿಲ್ಲ. ಆ ಹಸಿರು ಬಟ್ಟೆ ಇನ್ನೆಲ್ಲೂ ಸಿಗುವುದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಸುಮ್ಮನೆ ಫೋಮಿನ ಸುರುಳಿಯ ಮೇಲೆ ಕೂತಳು.

ಅಷ್ಟು ಹೊತ್ತಿಗೆ ಸರಿಯಾಗಿ ಡಾಕ್ಟರಮ್ಮ ಬಂದರು.

"ಏನಮ್ಮ ಸೋಫಾ ಅಕ್ಕ, ನನ್ನ ಪೇಷಂಟುಗಳೆಲ್ಲ ಗೋಡೆಗೆ ಒರಗಿ ನಿಂತಿದ್ದಾರೆ. ನಿನ್ನೆ ಒಬ್ಬರು ದವಡೆ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ರು, ಔಷಧಿ ಕೊಡೋಕೆ ಬಂದೋನು ಅವರನ್ನ ಎಡವಿ ಬಿದ್ದ. ಈಗ ಅವನಿಗೂ ನಾನೇ ಹಲ್ಲು ಕಟ್ಬೇಕು. ಯಾವಾಗ ಕೊಡ್ತೀರಿ?"

ಸುಳ್ಳು ಹೇಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಡಾಕ್ಟ್ರಮ್ಮ, ತಪ್ಪಾಗಿದೆ. ಇವರಿಬ್ರೂ ಮಾತಾಡಲ್ಲ. ಅಳತೆ ಒಬ್ಬರಿಂದ ಒಬ್ಬರಿಗೆ ಹೋಗ್ಲಿಲ್ಲ."

"ಯಾಕೆ ಮಾತಾಡಲ್ಲ?"

"ಒಂದು ಸಿನಿಮಾ ವಿಷಯಕ್ಕೆ."

ಈಗ ಬೈಗುಳ ಬರುತ್ತದೆ ಎಂದು ಅವಳು ಕಾದಳು. ಬರಲಿ ಎಂದೂ ಅನ್ನಿಸಿತು. ಓದಿದವರೊಬ್ಬರು ಬೈದರೆ ಈ ಇಬ್ಬರಿಗೆ ನಾಟೀತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, "ಯಾವ ಸಿನಿಮಾ?" ಎಂದರು.

"ಅದೇ, ಸೇತುವೆ ಕಟ್ತಾರಂತಲ್ಲ."

ಡಾಕ್ಟರಮ್ಮ ಕೈಚೀಲವನ್ನು ಕಟ್ಟಿಗೆಯ ರಾಶಿಯ ಮೇಲಿಟ್ಟರು. "ಅಯ್ಯೋ, ಅದಕ್ಕೆ ಯಾಕೆ ಜಗಳ? ಚೆನ್ನಾಗಿದೆ, ಆದ್ರೆ ವರ್ಷದ್ದೇ ಅತ್ಯುತ್ತಮ ಅನ್ನೋ ಹಾಗಿಲ್ಲ. ವರ್ಷದ್ದು ಅಂದ್ರೆ ಆ ಅವಳಿ ಅಕ್ಕತಂಗಿಯರ ಸಿನಿಮಾ. ನೋಡಿದ್ರಾ?"

ಗಂಡ, ತಮ್ಮ ಇಬ್ಬರೂ ನೀರು ಕಂಡ ಗಿಡದ ಹಾಗೆ ತಲೆ ಎತ್ತಿದರು. ಅವಳಿಗಳ ಸಿನಿಮಾದಲ್ಲಿ ಯಾವಳು ಯಾವಳೆಂದು ಗೊತ್ತಾಗಲಿಲ್ಲ ಎಂದು ಗಂಡ ಡಾಕ್ಟರಮ್ಮನಿಗೆ ಹೇಳಿದ. ಅದೇ ಅದರ ಸ್ವಾರಸ್ಯ ಎಂದು ತಮ್ಮ ಡಾಕ್ಟರಮ್ಮನಿಗೆ ಹೇಳಿದ. ಮೂವರೂ ಮಾತಾಡಿದರು, ಆದರೆ ಇಬ್ಬರ ಮಾತೂ ಡಾಕ್ಟರಮ್ಮನ ಮೂಲಕವೇ ಹೋಗಿ ಬಂತು. ಹೊರಗೆ ಬೀದಿಯ ತುದಿಯಲ್ಲಿ ಜನ ದವಡೆ ಹಿಡಿದುಕೊಂಡು ನಿಂತಿದ್ದಾರೆ, ಒಳಗೆ ಅವರ ಡಾಕ್ಟರು ಕೈಬೀಸಿ ಸಿನಿಮಾದ ಹಾಡು ವಿವರಿಸುತ್ತಿದ್ದಾರೆ. ಕೊನೆಗೆ ಅವರು ಗಡಿಯಾರ ನೋಡಿ ಬೆಚ್ಚಿ, "ಬೇಗ ಕೊಡಿ ಮಾರಾಯ್ತಿ," ಎಂದು ಓಡಿದರು.

ಸೋಫಾ ಅಕ್ಕ ಎದ್ದಳು. ಮುಂದೆ ಕಟ್ಟಿಕೊಂಡಿದ್ದ ಕೆಲಸದ ಬಟ್ಟೆ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಕೂದಲ ಮೇಲಿನ ನಾರು ಕೊಡವಿ, ಚಪ್ಪಲಿ ಹಾಕಿಕೊಂಡಳು.

"ಎಲ್ಲಿಗೆ?" ಎಂದ ಗಂಡ.

"ಆ ಸೇತುವೆ ನೋಡ್ಕೊಂಡು ಬರ್ತೀನಿ. ಯಾರೂ ದಾಟದೇ ಇದ್ರೆ ನಾನೇ ದಾಟಿ ಆ ಕಡೆಯೇ ಇದ್ದುಬಿಡ್ತೀನಿ. ನೀವಿಬ್ರೂ ಸುಖವಾಗಿರಿ."

ಮಾರುಕಟ್ಟೆಯ ಹಿಂದಿನ ಹಳೆಯ ಚಿತ್ರಮಂದಿರದಲ್ಲಿ ಆ ಸಿನಿಮಾ ಇನ್ನೂ ಓಡುತ್ತಿತ್ತು, ಮಧ್ಯಾಹ್ನದ ಒಂದೇ ಆಟ. ಒಳಗೆ ಬೆರಳೆಣಿಕೆಯಷ್ಟು ಜನ. ಅವಳು ಕೂತ ಕುರ್ಚಿಯ ಸ್ಪ್ರಿಂಗು ಎಡಕ್ಕೆ ವಾಲಿತ್ತು. ಕೈ ತಾನಾಗಿ ಕೆಳಗೆ ಹೋಗಿ ತಡವಿತು. ಪಟ್ಟಿ ಸಡಿಲವಾಗಿದೆ ಎಂದುಕೊಂಡಳು. ಪಕ್ಕದ ಕುರ್ಚಿಗೆ ಸರಿದಳು. ಅದರದೂ ಅದೇ ಕತೆ. ಎಲ್ಲರ ಮೇಲೂ ಸಿಟ್ಟು ಬಂದು, ದೀಪ ಆರಿದರೂ ಕೈಕಟ್ಟಿಯೇ ಕೂತಳು.

ಸಿನಿಮಾ ಶುರುವಾಯಿತು. ಹೊಳೆ, ಕಲ್ಲು, ಇಂಜಿನಿಯರು, ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ ಒಬ್ಬಳು ಬಂದಳು. ಕೂಲಿಯವರಿಗೆ ಅಡುಗೆ ಮಾಡಿ ಹಾಕುವ ಹೆಂಗಸು. ಹೊಳೆದಂಡೆಯಲ್ಲಿ ಮೂರು ಕಲ್ಲು ಹೂಡಿ, ದೊಡ್ಡ ಹಂಡೆ ಇಟ್ಟು, ಒದ್ದೆ ಕಟ್ಟಿಗೆಗೆ ಊದಿ ಊದಿ ಕಣ್ಣು ಕೆಂಪಾದವಳು. ಊಟಕ್ಕೆ ತಡವಾಗಿ ಬಂದ ಇಂಜಿನಿಯರಿಗೆ, "ನಿನ್ನ ಸೇತುವೆ ಕಾಯುತ್ತೆ, ನನ್ನ ಒಲೆ ಕಾಯಲ್ಲ," ಎಂದು ಸೌಟು ತೋರಿಸಿದಳು. ಅವಳಿಗೂ ದೊಡ್ಡ ಗಂಟಲು. ಸೋಫಾ ಅಕ್ಕನಿಗೆ ನಗು ಬಂತು. ಕೈಕಟ್ಟು ಸಡಿಲವಾಯಿತು. ಇಷ್ಟು ತಿಂಗಳು ಈ ಸಿನಿಮಾದ ಬಗ್ಗೆ ಅಷ್ಟು ಕೇಳಿದ್ದಳಲ್ಲ, ಇವಳ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ವಿರಾಮದ ನಂತರ ಆ ಹೆಂಗಸು ಬರಲಿಲ್ಲ. ಈಗ ಬಂದಾಳು, ಆಗ ಬಂದಾಳು ಎಂದು ಸೋಫಾ ಅಕ್ಕ ಕಾದಳು. ಕೂಲಿಯವರು ಸಾಲಾಗಿ ಕೂತು ಉಂಡರು, ಬಡಿಸುವ ಕೈ ಯಾರದೆಂದು ಕಾಣಲಿಲ್ಲ. ಇಂಜಿನಿಯರು ಆಕಾಶ ನೋಡಿದ, ಹೊಳೆ ನೋಡಿದ, ನಕ್ಷೆ ನೋಡಿದ. ಅವಳೆಲ್ಲಿ ಎಂದು ಯಾರೂ ಕೇಳಲಿಲ್ಲ. ತಡೆಯಲಾರದೆ ಮುಂದಿನ ಸಾಲಿನವರ ಹೆಗಲು ತಟ್ಟಿ, "ರೀ, ಆ ಅಡುಗೆಯವಳು ಎಲ್ಲಿ ಹೋದ್ಲು?" ಎಂದಳು. "ಶ್!" ಎಂದರು ಅವರು.

ಕೊನೆಯ ಕಲ್ಲು ಕೂತಿತು. ಇಂಜಿನಿಯರು ಹೊಳೆಗಿಳಿದು ಕೈ ತೊಳೆದ. ಅವನು ಬೆರಳ ಸಂದಿಯ ಸುಣ್ಣ ಉಜ್ಜುವುದನ್ನು ನೋಡುವಾಗ ಗಂಡ ಸಂಜೆ ನಲ್ಲಿಯ ಕೆಳಗೆ ಅಂಟು ತೊಳೆದುಕೊಳ್ಳುವ ರೀತಿ ನೆನಪಾಗಿ, ಅವನು ಯಾಕೆ ಅಷ್ಟು ಮೆಚ್ಚಿದ ಎಂದು ಅವಳಿಗೆ ತಿಳಿಯಿತು. ಖಾಲಿ ಸೇತುವೆಯನ್ನು ನೋಡಿದಾಗ, ಒಬ್ಬರಾದರೂ ದಾಟಬಾರದೆ ಎಂದು ತಮ್ಮನ ಹಾಗೆ ಎದೆ ಚಡಪಡಿಸಿದ್ದೂ ನಿಜ. ಇಬ್ಬರದೂ ಸರಿ ಎಂದು ತೋರಿದ್ದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ತೆರೆಯ ಮೇಲೆ ಹೆಸರುಗಳು ಹತ್ತಿ ಹೋಗಿ, ಪೊರಕೆ ಹಿಡಿದವನು ಬಂದು, "ಏಳಿ ಅಮ್ಮ, ಮುಗೀತು," ಎನ್ನುವವರೆಗೂ ಕೂತೇ ಇದ್ದಳು.

ಅಂಗಡಿಗೆ ಬಂದಾಗ ಇಬ್ಬರೂ ಡಾಕ್ಟರಮ್ಮನ ಸೋಫಾದ ಬರಿಯ ಚೌಕಟ್ಟಿನ ಮೇಲೆ, ಆ ತುದಿಗೊಬ್ಬ ಈ ತುದಿಗೊಬ್ಬ ಕೂತಿದ್ದರು. "ಏನನ್ನಿಸ್ತು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

"ಆ ಅಡುಗೆಯವಳು ಎಲ್ಲಿ ಹೋದ್ಲು?"

"ಯಾವ ಅಡುಗೆಯವಳು?" ಎಂದ ಗಂಡ.

"ಅಡುಗೆಯವಳು ಇದ್ಲಾ?" ಎಂದ ತಮ್ಮ.

"ಇದ್ಲಾ ಅಂದ್ರೆ? ಅಷ್ಟು ಜನಕ್ಕೆ ಬೇಯಿಸಿ ಹಾಕಿದೋಳು. ಅರ್ಧ ಸಿನಿಮಾ ಆದ್ಮೇಲೆ ಮಾಯ! ಆಮೇಲೆ ಅವರಿಗೆ ಯಾರು ಹಾಕಿದ್ರು? ಹಸಿದ ಹೊಟ್ಟೇಲಿ ಸೇತುವೆ ಎದ್ದು ನಿಂತ್ಕೊಳ್ತಾ?"

"ಅದು ಚಿಕ್ಕ ಪಾತ್ರ ಕಣೇ," ಎಂದ ಗಂಡ ಸಮಾಧಾನದ ದನಿಯಲ್ಲಿ.

"ಸಿನಿಮಾ ಇರೋದು ಸೇತುವೆ ಬಗ್ಗೆ ಅಕ್ಕ. ಅಡುಗೆ ಬಗ್ಗೆ ಅಲ್ಲ."

"ಚಿಕ್ಕ ಪಾತ್ರವಂತೆ! ನಾಯಿ ದಾಟ್ಲಿಲ್ಲ ಅಂತ ಇಷ್ಟು ದಿನ ಎದೆ ಬಡ್ಕೊಂಡೆಯಲ್ಲೋ, ಒಬ್ಬ ಹೆಂಗಸು ಸಿನಿಮಾದಿಂದಲೇ ಕಾಣೆಯಾದ್ಲು, ನಿನ್ನ ಕಣ್ಣಿಗೆ ಬೀಳ್ಲಿಲ್ಲ. ನೀವು ಒಂದ್ಸಲ ಅಲ್ಲ ರೀ, ಎರಡು ಸಲ ನೋಡಿದ್ರಿ! ನಾಳೆ ನಾನು ಈ ಅಂಗಡಿಯಿಂದ ಮಾಯವಾದ್ರೂ ನೀವಿಬ್ರೂ ಗೋಡೆ ನೋಡ್ಕೊಂಡು ಚಹಾ ಎಲ್ಲಿ ಅಂತ ಕೇಳ್ತೀರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಭಾನುವಾರದ ನಂತರ ನೋಡಿದ್ದು ಅದೇ ಮೊದಲು.

"ಭಾವ, ಪ್ರವಾಹ ಬಂದಾಗ ಅವಳು ಕೊಚ್ಕೊಂಡು ಹೋಗಿರಬಹುದಾ?"

"ಇಲ್ಲ ಕಣೋ. ಪ್ರವಾಹ ಆದ್ಮೇಲೆ ಹಂಡೆ ಹುಡುಕೋ ಒಂದು ದೃಶ್ಯ ಇದೆ. ಅಲ್ಲಿ ಇದ್ಲು ಅಂತ ಕಾಣುತ್ತೆ."

"ಹಂಡೆ ಹುಡುಕಿದ್ದು ಆ ಕುಂಟ ಅಲ್ವಾ?"

"ಕುಂಟ ಹುಡುಕಿದ್ದು ಹಗ್ಗ."

ಅವರು ಮಾತಾಡುತ್ತಿದ್ದಾರೆ ಎಂದು ಅವಳಿಗೆ ಹೊಳೆಯಿತು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವಳ ಪ್ರಶ್ನೆ ಎತ್ತಲೋ ಹೋಗಿ ಹಗ್ಗ ಮುಖ್ಯವಾಗಿತ್ತು. ಧಡಧಡ ಮೆಟ್ಟಿಲು ಹತ್ತಿ ಅಮ್ಮನ ಹತ್ತಿರ ಹೋಗಿ ಪೂರ್ತಿ ಕತೆ ಹೇಳಿದಳು. ಅಮ್ಮ ಸೂಜಿ ನಿಲ್ಲಿಸಿ ಕೇಳಿ, "ಅಷ್ಟು ಜನಕ್ಕೆ ಬಡಿಸಿ ಅವಳು ಯಾವಾಗ ಉಣ್ತಿದ್ಲು?" ಎಂದರು. ಸೋಫಾ ಅಕ್ಕ ಅಮ್ಮನ ಪಕ್ಕ ಕೂತುಬಿಟ್ಟಳು. ಇಡೀ ಬೀದಿಯಲ್ಲಿ ಸರಿಯಾಗಿ ಸಿನಿಮಾ ನೋಡಬಲ್ಲವರು ಈ ಒಬ್ಬರೇ, ಇವರು ಸಿನಿಮಾ ನೋಡುವುದೇ ಇಲ್ಲ.

ಇನ್ನೊಮ್ಮೆ ನೋಡಿ ತೀರ್ಮಾನ ಮಾಡೋಣ ಎಂದು ಶುಕ್ರವಾರ ಮೂವರೂ ಹೋದರು. ಸಿನಿಮಾವನ್ನು ಹಿಂದಿನ ದಿನವೇ ಎತ್ತಿಬಿಟ್ಟಿದ್ದರು. ಸೇತುವೆಯ ಪೋಸ್ಟರಿನ ಮೇಲೆ ಇನ್ನಾವುದೋ ಮದುವೆಯ ಸಿನಿಮಾದ ಪೋಸ್ಟರು ಅಂಟಿಸಿದ್ದರು, ಅಂಟು ಇನ್ನೂ ಹಸಿಯಾಗಿತ್ತು. ಗಂಡ ಮೂಲೆಯಲ್ಲಿ ಕೆರೆದು ನೋಡಿದ. "ಬಿಡ್ರೀ, ಪೋಸ್ಟರ್ ಮೇಲೆ ಅವಳಿರ್ತಾಳಾ?" ಎಂದು ಅವನ ಕೈ ಹಿಡಿದು ಎಳೆದುಕೊಂಡು ಬಂದಳು.

ಸೋಫಾದ ದಾರಿ ಅವಳೇ ಕಂಡುಕೊಂಡಳು. ಹಸಿರಿನ ಎರಡು ತುದಿಗೂ ಕೆನೆಬಣ್ಣದ ಪಟ್ಟಿ ಕೂಡಿಸಿ, ಕೈಗಳಿಗೂ ಅದೇ ಬಣ್ಣ ಹೊದಿಸಿದಳು. ಮೊದಲಿನಿಂದಲೂ ಹಾಗೇ ಯೋಚಿಸಿ ಮಾಡಿದ ಹಾಗೆ ಕಂಡಿತು. ವ್ಯಾನಿಗೆ ಹತ್ತಿಸುವಾಗ ಗಂಡ ಮುಂದೆ, ತಮ್ಮ ಹಿಂದೆ. ಸೋಫಾ ಹೊತ್ತು ಹಿಮ್ಮುಖವಾಗಿ ನಡೆಯುತ್ತಿದ್ದ ಗಂಡ, "ಐದು ಕೆಲಸದ ಮಾತು ನಾನು ಆಡಬಾರದಿತ್ತು," ಎಂದ. "ಪೋಸ್ಟ್‌ಮಾಸ್ಟರ್ ಸೋಫಾ ಹೊಲಿಗೇನೇ ಬಿಚ್ಚಿದ್ದು ಭಾವ. ಹೊಸ್ತಿಲಿದೆ, ನೋಡ್ಕೊಳ್ಳಿ," ಎಂದ ತಮ್ಮ. ಅಷ್ಟೇ ಆದದ್ದು.

ದವಾಖಾನೆಯಲ್ಲಿ ಸೋಫಾ ಇಳಿಸಿದ್ದೇ ತಡ, ನಿಂತವರೆಲ್ಲ ಬಂದು ಕೂತರು. ಡಾಕ್ಟರಮ್ಮ ಕೈಗವಸು ಹಾಕಿಕೊಂಡೇ ಹೊರಬಂದು ನೋಡಿ, ಕೆನೆಬಣ್ಣ ಚೆನ್ನಾಗಿದೆ ಎಂದರು. ಆಮೇಲೆ ತಡೆಯಲಾರದೆ, "ಸಿನಿಮಾ ವಿಷಯ ಏನಾಯ್ತು? ಯಾರ್ ಗೆದ್ರು?" ಎಂದು ಕೇಳಿದರು.

"ನಾನೂ ನೋಡಿದೆ ಡಾಕ್ಟ್ರಮ್ಮ. ಒಂದು ಮಾತು ಕೇಳ್ತೀನಿ. ಅದರಲ್ಲಿ ಅಡುಗೆ ಮಾಡೋಳು ಒಬ್ಬಳಿದ್ದಾಳಲ್ಲ, ಅವಳು ಕೊನೆಗೆ ಎಲ್ಲಿ ಹೋದ್ಲು?"

ಡಾಕ್ಟರಮ್ಮ ಮೇಲೆ ನೋಡಿ ಯೋಚಿಸಿದರು. "ಅಡುಗೆ ಮಾಡೋಳಾ? ಆ ಸಿನಿಮಾದಲ್ಲಾ?"

ಆಗ ಹೊಸ ಸೋಫಾದ ತುದಿಯಲ್ಲಿ ಕೂತಿದ್ದ, ಒಂದು ಕೆನ್ನೆ ಊದಿಕೊಂಡ ಹಿರಿಯರೊಬ್ಬರು ಧಡಕ್ಕನೆ ಎದ್ದು ನಿಂತರು. ಬಾಯಲ್ಲಿ ಹತ್ತಿ ತುರುಕಿತ್ತು. ಬೆರಳು ಎತ್ತಿ, ಕಣ್ಣರಳಿಸಿ, "ಅವ್ವು... ಅವ್ವು ಓಗಿದ್ದು..." ಎಂದರು.

ಸೋಫಾ ಅಕ್ಕ ಅವರ ಮುಂದೆ ಮಂಡಿಯೂರಿದಳು. "ನೀವು ನೋಡಿದ್ರಾ? ಎಲ್ಲಿಗೆ ಹೋದ್ಲು? ನಿಧಾನವಾಗಿ ಹೇಳಿ."

"ಅವ್ವು ವಾವೆ ವೋಡಿ..."

"ದೋಣಿ ಹತ್ತಿ?" ಎಂದ ಗಂಡ.

"ಮಾವ ನೋಡಿ?" ಎಂದ ತಮ್ಮ.

ಹಿರಿಯರು ಎರಡಕ್ಕೂ ತಲೆ ಅಲ್ಲಾಡಿಸಿದರು. ಕೈಯಲ್ಲಿ ದೊಡ್ಡ ದುಂಡಗಿನದೊಂದನ್ನು ತೋರಿಸಿ, ಅದನ್ನು ತಲೆಯ ಮೇಲಿಟ್ಟುಕೊಂಡ ಹಾಗೆ ಮಾಡಿ, ಬಾಗಿಲ ಕಡೆ ಬೆರಳು ಮಾಡಿ, ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಡಾಕ್ಟರಮ್ಮ, "ದವಡೆ ಮರಗಟ್ಟಿದೆ, ಈಗಲೇ ಹಲ್ಲು ಕೀಳ್ಬೇಕು, ಬನ್ನಿ ಬನ್ನಿ," ಎಂದು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ಸೋಫಾ ಅಕ್ಕ ಕಾದಳು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ, ಮತ್ತೆ ಹೊಡೆದ. ಅವಳು ಅಲುಗಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. ಹಿರಿಯರು ಹೊರಬಂದರು. ಈಗ ಎರಡೂ ಕೆನ್ನೆ ಊದಿತ್ತು, ಹತ್ತಿ ಮೊದಲಿಗಿಂತ ಹೆಚ್ಚಿತ್ತು. ಹಿಂದಿನಿಂದ ಡಾಕ್ಟರಮ್ಮನ ದನಿ ಬಂತು, "ನಾಳೆ ತನಕ ಒಂದು ಮಾತೂ ಆಡಬಾರ್ದು, ನೆನಪಿರಲಿ." ಹಿರಿಯರು ಸೋಫಾ ಅಕ್ಕನ ಕಡೆ ದೀನವಾಗಿ ನೋಡಿ, ಕೈಮುಗಿದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

"ಹಂಡೆ ಹೊತ್ಕೊಂಡು ತವರಿಗೆ ಹೋದ್ಲು ಅಂತ ಕಣೋ ಅವರು ಹೇಳಿದ್ದು," ಎಂದ ಗಂಡ ವ್ಯಾನಿನಲ್ಲಿ.

"ತವರು ಅಂತ ಎಲ್ಲಿ ತೋರ್ಸಿದ್ರು ಭಾವ? ಅದು ಹಂಡೆ ಅಲ್ಲ, ಮೂಟೆ. ಗಂಡನ ಸಾಮಾನು. ಗಂಡ ಸತ್ತಿದ್ದಾನೆ."

"ಅವಳಿಗೆ ಗಂಡ ಇದ್ನಾ?"

"ಕಣ್ಣೊರೆಸ್ಕೊಂಡ್ರಲ್ಲ!"

"ಅದು ಹಲ್ಲುನೋವಿಗೆ ಕಣೋ."

ಇಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತಿದ್ದ ಸೋಫಾ ಅಕ್ಕ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಆಮೇಲೆ ಮುಂದಕ್ಕೆ ಬಗ್ಗಿ ವ್ಯಾನಿನವನಿಗೆ, "ನೀನಾದ್ರೂ ಆ ಸಿನಿಮಾ ನೋಡಿದೀಯೇನಪ್ಪ?" ಎಂದು ಕೇಳಿದಳು.